ಎಂಜಿನ್ನಿಗೊಂದು ಆನಿಕೆ

ಹಿಮದ ಮೇಲೆ ಓಡುವ ಹಳೆಯ ಸ್ನೋಮೊಬೈಲಿನ ಬೆಲ್ಟ್ ಹರಿದರೆ ಬಿಸಾಡುವ ಮುನ್ನ ಅದರ ಅಂಚು ನೋಡಿ. ಎರಡೂ ಕಡೆ ಸಮನಾಗಿ ಸವೆದಿದ್ದರೆ ಅದಕ್ಕೆ ವಯಸ್ಸಾಗಿತ್ತು ಅನ್ನಬಹುದು. ಒಂದೇ ಅಂಚು ನಾರುನಾರಾಗಿ ಬಿಚ್ಚಿಕೊಂಡಿದ್ದರೆ, ಓಡುವಾಗ ಎಂಜಿನ್ ಕೂತಲ್ಲೇ ಸೊಟ್ಟಗಾಗುತ್ತಿದೆಯೇ ಎಂದು ಅನುಮಾನಿಸಬೇಕು.

ಹೀಗೇಕೆ ಎಂದು ತಿಳಿಯಲು ಈ ಗಾಡಿಯ ಹುಟ್ಟಿನಿಂದ ಶುರುಮಾಡೋಣ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1934ರ ಚಳಿಗಾಲದಲ್ಲಿ ಪುಟ್ಟ ಮಗನನ್ನು ಕಳೆದುಕೊಂಡರು. ದಾರಿಯೆಲ್ಲ ಹಿಮ, ಆಸ್ಪತ್ರೆ ಮುಟ್ಟಿಸುವ ಗಾಡಿ ಇರಲಿಲ್ಲ. ಹದಿಹರೆಯದಿಂದಲೇ ಹಿಮದ ಮೇಲೆ ಓಡುವ ವಾಹನದ ಹಂಬಲ ಹೊತ್ತಿದ್ದ ಅವರು ಮೊದಲು ಹಲವರು ಕೂರುವ ದೊಡ್ಡ ಗಾಡಿಗಳನ್ನು ಮಾಡಿದರು. ಒಬ್ಬಿಬ್ಬರ ಸವಾರಿಯ ಅವರ ಸ್ನೋಮೊಬೈಲ್ ಸ್ಕಿ-ಡೂ ಹೊರಬಂದದ್ದು 1959ರಲ್ಲಿ.

ಇಂಥ ಗಾಡಿ ಹಗುರವಾಗಿರಲೇಬೇಕು, ಇಲ್ಲದಿದ್ದರೆ ಮೆತ್ತನೆ ಹಿಮದಲ್ಲಿ ಹೂತುಹೋಗುತ್ತದೆ. ಹಾಗಾಗಿ ಮೈ ತೆಳುತಗಡಿನದು. ಅದಕ್ಕೆ ಗಡಗಡ ನಡುಗುವ ಟೂ-ಸ್ಟ್ರೋಕ್ ಎಂಜಿನನ್ನು ನೇರವಾಗಿ ಬಿಗಿದರೆ ತಗಡು ಬಿರಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನೊರೆಯೇಳುತ್ತದೆ, ಸವಾರನ ಕೈ ಜೋಮು ಹಿಡಿಯುತ್ತದೆ. ಅದಕ್ಕೇ ಅನೇಕ ಮಾದರಿಗಳಲ್ಲಿ ಎಂಜಿನ್ನಿಗೆ ರಬ್ಬರಿನ ಕಾಲುಗಳು.

ಆದರೆ ನಡುಕ ನುಂಗುವಷ್ಟು ಮೆತ್ತಗಿರುವ ರಬ್ಬರು ಎಳೆತಕ್ಕೂ ಬಾಗುತ್ತದೆ. ಎಂಜಿನ್ನಿನ ಎಡತುದಿಯಲ್ಲಿ ಒಂದು ಕ್ಲಚ್ ಪುಲ್ಲಿ. ಅದರ ಹಿಂದೆ, ಚಾಸಿಗೆ ಬಿಗಿದ ಅಡ್ಡ ಶಾಫ್ಟಿನ ಮೇಲೆ ಇನ್ನೊಂದು. ನಡುವೆ ಬೆಲ್ಟ್. ಆಕ್ಸಿಲರೇಟರ್ ಒತ್ತಿದೊಡನೆ ಬೆಲ್ಟು ಎಂಜಿನ್ನಿನ ಎಡತುದಿಯನ್ನು ಮಾತ್ರ ಹಿಂದಕ್ಕೆ ಜಗ್ಗುತ್ತದೆ. ಜೋಡೆತ್ತುಗಳಲ್ಲಿ ಒಂದೇ ಎಳೆದರೆ ನೊಗ ಓರೆಯಾಗುತ್ತದಲ್ಲ, ಹಾಗೆಯೇ ಇಡೀ ಎಂಜಿನ್ ಓರೆಯಾಗುತ್ತದೆ.

ಆ ಜಗ್ಗಾಟ ಸಣ್ಣದಲ್ಲ. 25 ಅಶ್ವಶಕ್ತಿಯ ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗುತ್ತಿದೆ ಎನ್ನಿ. ಅದರ ತಿರುಚುಬಲ ಸುಮಾರು 27 ನ್ಯೂಟನ್-ಮೀಟರ್. ಗಾಡಿ ಇನ್ನೂ ನಿಧಾನವಾಗಿರುವಾಗ ಬೆಲ್ಟು ಮುಂದಿನ ಪುಲ್ಲಿಯ ನಡುವಿಗೆ ಹತ್ತಿರವಿರುತ್ತದೆ, ತ್ರಿಜ್ಯ 3.5 ಸೆಂ.ಮೀ. ಎಂದಿಟ್ಟುಕೊಂಡರೆ ಎಳೆತ 770 ನ್ಯೂಟನ್ ದಾಟುತ್ತದೆ. ಆಳೊಬ್ಬನ ಭಾರ ಎಂಜಿನ್ನಿನ ಒಂದೇ ಕಿವಿ ಹಿಡಿದು ಜೋತುಬಿದ್ದಂತೆ! ಎಂಜಿನ್ ಬರೀ 1 ಡಿಗ್ರಿ ತಿರುಗಿದರೂ 27 ಸೆಂ.ಮೀ. ಹಿಂದಿರುವ ಪುಲ್ಲಿಯ ಹೊತ್ತಿಗೆ ಬೆಲ್ಟಿನ ದಾರಿ 4-5 ಮಿ.ಮೀ. ತಪ್ಪಿರುತ್ತದೆ. ಪುಲ್ಲಿಗಳ ಅಂತರವೂ ಕುಗ್ಗಿ ಬೆಲ್ಟು ಸಡಿಲವಾಗುತ್ತದೆ, ಜಾರುತ್ತದೆ, ಕಾಯುತ್ತದೆ.

ನಮ್ಮ ಊರುಗಳ ಗೇರಿಲ್ಲದ ಸ್ಕೂಟರುಗಳಲ್ಲೂ ಇದೇ ಬಗೆಯ ಬೆಲ್ಟಿದೆ. ಅಲ್ಲಿ ಈ ಕಾಟವಿಲ್ಲ. ಎರಡೂ ಪುಲ್ಲಿಗಳು ಒಂದೇ ಗಟ್ಟಿ ಕವಚದೊಳಗಿದ್ದು, ಎಂಜಿನ್ ಮತ್ತು ಹಿಂಚಕ್ರ ಒಂದೇ ಘಟಕವಾಗಿ ಮೇಲೆ ಕೆಳಗೆ ಆಡುತ್ತವೆ. ಎಂಜಿನ್ ಕುಣಿದರೂ ಪುಲ್ಲಿಗಳ ಅಂತರ ಕದಲದು.

ಸ್ನೋಮೊಬೈಲಿನಲ್ಲಿ ಆ ಅನುಕೂಲವಿಲ್ಲದ್ದರಿಂದ ಟಾರ್ಕ್ ಸ್ಟಾಪ್ ಬಂತು. ನೋಡಲು ಏನೂ ಅಲ್ಲ: ರಬ್ಬರ್ ತಲೆಯ ಒಂದು ಬೋಲ್ಟು, ಅದಕ್ಕೊಂದು ಲಾಕ್‌ನಟ್ಟು. ಚಾಸಿಯಿಂದ ಚಾಚಿಕೊಂಡು ಎಂಜಿನ್ನಿನ ಪಕ್ಕ ಕಾದಿರುತ್ತದೆ. ಎಂಜಿನ್ ಸುಮ್ಮನೆ ಗುನುಗುವಾಗ ಅದರ ತಂಟೆಗೆ ಹೋಗುವುದಿಲ್ಲ. ಬೆಲ್ಟು ಜಗ್ಗಿದಾಗ ಆನಿಕೆ ಕೊಡುತ್ತದೆ. ಕೆಲವು ಗಾಡಿಗಳಲ್ಲಿ ಇದರ ಬದಲು ಎಂಜಿನನ್ನು ಚಾಸಿಗೆ ಜೋಡಿಸುವ ಸರಳೊಂದಿರುತ್ತದೆ. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಇಷ್ಟು ಜಾಣತನದ ಬಿಡಿಭಾಗ ಇನ್ನೊಂದಿಲ್ಲ.

ರಬ್ಬರ್ ಕಾಲುಗಳನ್ನೇ ಕಿತ್ತು ಉಕ್ಕಿನ ತುಂಡು ಕೂರಿಸುವವರೂ ಇದ್ದಾರೆ. ರೇಸಿಗಾದರೆ ಸರಿ. ಕಾಡುದಾರಿಯ ಸವಾರಿಗೆ ಅದು ತಪ್ಪು: ಬೆಲ್ಟ್ ಉಳಿಸಲು ಹೋಗಿ ತಗಡನ್ನು ಸೀಳಿದಂತೆ. ಸ್ಟಾಪನ್ನು ಅತಿಯಾಗಿ ಬಿಗಿಯುವುದೂ ತಪ್ಪೇ. ಅದು ಎಂಜಿನನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ, ನಡುಕವನ್ನೆಲ್ಲ ಚಾಸಿಗೆ ದಾಟಿಸುತ್ತದೆ.

ಐವತ್ತು ವರ್ಷದ ಗಾಡಿಯಲ್ಲಿ ರಬ್ಬರು ಎಣ್ಣೆ ಕುಡಿದು ಉಬ್ಬಿರುತ್ತದೆ ಅಥವಾ ಒಣಗಿ ಬಿರಿದಿರುತ್ತದೆ. ಮೊದಲು ಆ ಕಾಲುಗಳನ್ನು ಬದಲಿಸಿ. ಆಮೇಲೆ ನೇರ ಪಟ್ಟಿಯಿಟ್ಟು ಎರಡು ಪುಲ್ಲಿಗಳನ್ನು ಸರಿಹೊಂದಿಸಿ. ಸ್ಟಾಪ್ ಹೊಂದಿಸುವುದು ಕಡೆಗೆ, ಆ ಮಾದರಿಯ ಕೈಪಿಡಿ ಹೇಳಿದಷ್ಟೇ ಸಂದು ಬಿಟ್ಟು. ಹೊಸ ಬೆಲ್ಟಿಗೆ ದುಡ್ಡು ಹಾಕುವುದು ಇಷ್ಟೆಲ್ಲ ಆದ ಮೇಲಿರಲಿ.