ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ

ಮನುಷ್ಯಜನ್ಮ ದುರ್ಲಭವೆಂಬ ಮಾತು ತುಮಕೂರಿನ ಮಂದರಗಿರಿಯಲ್ಲಾಗಲಿ, ಗುಬ್ಬಿ ತಾಲ್ಲೂಕಿನ ನಿಟ್ಟೂರು ಬಸದಿಯಲ್ಲಾಗಲಿ ಶ್ರಾವಕರ ಕಿವಿಗೆ ಹೊಸದಲ್ಲ. ಎಷ್ಟು ದುರ್ಲಭ? ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡವು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಅಂಕಗಳಲ್ಲೇ ಹೇಳುತ್ತದೆ: 79228162514264337593543950336.

ಈ ಸಂಖ್ಯೆ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಎರಡನ್ನು ವರ್ಗ ಮಾಡಿದರೆ 4. ಅದರ ವರ್ಗ 16. ಮುಂದೆ 256, 65536. ಐದನೆಯ ವರ್ಗ 4294967296. ಆಗಮಗಣಿತದಲ್ಲಿ ಇದಕ್ಕೆ ‘ಬಾದಾಲ’ವೆಂದು ಹೆಸರು. ಬಾದಾಲವೆಂದರೆ ನಲವತ್ತೆರಡು, ಸಂಖ್ಯೆಯ ಮೊದಲೆರಡು ಅಂಕಗಳು. ಆರನೆಯ ವರ್ಗ 18446744073709551616. ಐದನೆಯದನ್ನೂ ಆರನೆಯದನ್ನೂ ಗುಣಿಸಿದರೆ ಮನುಷ್ಯಸಂಖ್ಯೆ ಬರುತ್ತದೆ. ಅಂದರೆ ಎರಡನ್ನು 96 ಬಾರಿ ಇಟ್ಟು ಗುಣಿಸಿದ ಫಲ.

ಕುಣಿಗಲ್ ಸೀಮೆಯ ತೋಟದಲ್ಲಿ ಇಷ್ಟು ತೆಂಗಿನಕಾಯಿಗಳ ರಾಶಿಯಿದೆಯೆಂದು ಭಾವಿಸಿ, ಪ್ರತಿಸಲವೂ ಅರ್ಧವನ್ನು ತೆಗೆಯುತ್ತ ಹೋದರೆ 96ನೆಯ ಸಲಕ್ಕೆ ಒಂದೇ ಕಾಯಿ ಉಳಿಯುತ್ತದೆ. ನಡುವೆ ಎಲ್ಲಿಯೂ ಕಾಯಿ ಒಡೆಯಬೇಕಾಗದು. ಇಂಥ ಅರ್ಧಿಸುವಿಕೆಯ ಎಣಿಕೆಗೆ ‘ಅರ್ಧಚ್ಛೇದ’ವೆಂದು ಹೆಸರು. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ: 32 ಮತ್ತು 64 ಕೂಡಿ 96. ಇಂದಿನ ಶಾಲೆಗಳಲ್ಲಿ ಲಾಗರಿದಮ್ ಎಂದು ಕಲಿಸುವ ನಿಯಮವಿದು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದು ಬಂದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ಒಂಬತ್ತನೆಯ ಶತಮಾನದಲ್ಲೇ ಇದು ಬಳಕೆಯಲ್ಲಿತ್ತು.

ಇಷ್ಟುದ್ದದ ಸಂಖ್ಯೆ ಪ್ರತಿಕಾರನ ಕೈಯಲ್ಲಿ ಕೆಡದಿರುವುದು ಹೇಗೆ? ನೇಮಿಚಂದ್ರರ ಗಾಹೆಯಲ್ಲಿ ಅಂಕಗಳಿಗೆ ಬದಲಾಗಿ ಅಕ್ಷರಗಳಿವೆ. ಮೊದಲಕ್ಷರ ‘ತ’, ಅದು 6, ಬಿಡಿಸ್ಥಾನ. ಕಡೆಯ ‘ಸ’ಕಾರ 7, ಎಲ್ಲಕ್ಕಿಂತ ಎಡಗಡೆಯ ಸ್ಥಾನ. ಗಾಹೆಯನ್ನು ಬಾಯಿಪಾಠ ಮಾಡಿದವನಿಗೆ ಸಂಖ್ಯೆ ಮರೆಯದು. ಅನುಮಾನ ಬಂದರೆ ಅಂಕಗಳನ್ನು ಕೂಡಿ ನೋಡಬಹುದು: ಮೊತ್ತ 127, ಒಂಬತ್ತರಿಂದ ಭಾಗಿಸಿದರೆ ಶೇಷ 1. ಒಂದಂಕ ತಪ್ಪಿದರೂ, ಸೊನ್ನೆ ಒಂಬತ್ತುಗಳ ಅದಲುಬದಲು ಬಿಟ್ಟು, ಶೇಷ ಬೇರೆಯಾಗುತ್ತದೆ.

ಭೂಮಿಯ ಜನಸಂಖ್ಯೆ 2022ರಲ್ಲಿ 800 ಕೋಟಿ ಮುಟ್ಟಿತು. ಅದು ಹತ್ತೇ ಅಂಕ. ಶಾಸ್ತ್ರದ ಲೆಕ್ಕ ಎರಡೂವರೆ ದ್ವೀಪಗಳ ಮನುಷ್ಯಲೋಕದ್ದು. ಅದನ್ನು ಜನಗಣತಿಯ ಪಕ್ಕದಲ್ಲಿಟ್ಟು ಗೆಲ್ಲಿಸುವ, ಸೋಲಿಸುವ ಆತುರ ಬೇಡ. ಗಮನಿಸಬೇಕಾದದ್ದು ಬೇರೆ. ಇಷ್ಟು ದೊಡ್ಡದಾದರೂ ಇದು ‘ಸಂಖ್ಯಾತ’, ಎಣಿಸಿ ಮುಗಿಸಬಹುದಾದದ್ದು. ನಿಗೋದ ಜೀವಗಳಾದರೋ ಅನಂತ. ಅಲ್ಲಿ ಅರ್ಧ ತೆಗೆದರೂ ಉಳಿಯುವುದು ಅನಂತವೇ. ದುರ್ಲಭವೆಂಬ ಮಾತಿನ ಹಿಂದಿರುವ ಗಣಿತ ಇದು.

ಮುಂದಿನ ಗಾಹೆ ಇನ್ನೂ ಕುತೂಹಲದ್ದು: ಈ ರಾಶಿಯಲ್ಲಿ ಮುಕ್ಕಾಲು ಪಾಲು ಸ್ತ್ರೀಯರು. ಸಂಖ್ಯೆ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಅವರ ಲೆಕ್ಕ ಭಿನ್ನರಾಶಿಯಿಲ್ಲದೆ ದೊರೆಯುತ್ತದೆ: 59421121885698253195157962752.