ಕೈಗೆ ಎಟುಕದ ಬೋಲ್ಟು

ಹಳೆಯ ಅಂಬಾಸಡರ್ ಕಾರಿನ ಎಂಜಿನ್ನನ್ನು ದುರಸ್ತಿ ಮಾಡಿ ಮತ್ತೆ ಕೂರಿಸುವುದನ್ನು ನೀವು ನೋಡಿರಬಹುದು. ಸರಪಣಿ ರಾಟೆಗೆ ತೂಗುಬಿದ್ದ ಎಂಜಿನ್ ತನ್ನ ಜಾಗಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವ ಬೋಲ್ಟುಗಳಲ್ಲಿ ಮೇಲಿನ ಒಂದೆರಡಕ್ಕೆ ಅರ್ಧ ದಿನವೇ ಹಿಡಿಯುವುದುಂಟು. ಹಿಂದೆ ಕಾರಿನ ತಗಡಿನ ಗೋಡೆ, ಮುಂದೆ ಎಂಜಿನ್. ನಡುವೆ ಬೆರಳು ತೂರಿದರೆ ಕಣ್ಣು ಕಾಣದು, ಕಣ್ಣು ಕಂಡರೆ ಕೈ ತಲುಪದು. ಈ ಬೋಲ್ಟನ್ನು 'ಆಮೇಲೆ ನೋಡೋಣ' ಎಂದು ಬಿಟ್ಟರೆ ಏನಾಗುತ್ತದೆ? ಕಂಪನಕ್ಕೆ ಉಳಿದವು ಸಡಿಲಗೊಳ್ಳುತ್ತವೆ, ಕ್ಲಚ್ಚಿನ ನೇರ ತಪ್ಪುತ್ತದೆ, ಕೊನೆಗೆ ಗೇರ್‌ಬಾಕ್ಸಿನ ಕವಚವೇ ಬಿರುಕು ಬಿಡಬಹುದು.

ಮೊದಲು ಅಳತೆ

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ಹಳೆಯ 1489 ಘನ ಸೆಂಟಿಮೀಟರ್ ಪೆಟ್ರೋಲ್ ಎಂಜಿನ್ನಿನ ಬೋಲ್ಟುಗಳು ಅಂಗುಲದ ಲೆಕ್ಕದವು. 9/16 ಅಂಗುಲವೆಂದರೆ 14.29 ಮಿಲಿಮೀಟರ್. ಇದಕ್ಕೆ 14ರ ಸ್ಪ್ಯಾನರ್ ಹೊಗುವುದಿಲ್ಲ. 15ರದು ಹೊಗುತ್ತದೆ, ಆದರೆ ಜಾರಿ ಮೂಲೆಗಳನ್ನು ಸವೆಸುತ್ತದೆ. ಕಣ್ಣಿಗೆ ಕಾಣುವ ಬೋಲ್ಟಿನ ಮೂಲೆ ಸವೆದರೆ ಇಕ್ಕಳವಿದೆ. ಕಾಣದ ಬೋಲ್ಟಿಗೆ ಆ ಭಾಗ್ಯವಿಲ್ಲ.

ತಿರುಗಿಸಲು ಎಷ್ಟು ಜಾಗ ಬೇಕು?

ಬೋಲ್ಟಿನ ತಲೆಗೆ ಆರು ಮುಖ. ಆದ್ದರಿಂದ ಸ್ಪ್ಯಾನರನ್ನು ತೆಗೆದು ಮತ್ತೆ ಹಿಡಿಸಬೇಕಾದರೆ 60 ಡಿಗ್ರಿ ತಿರುಗಿಸಲೇಬೇಕು. ತೆರೆದ ಬಾಯಿಯ ಸ್ಪ್ಯಾನರಿನ ಬಾಯಿ ಹಿಡಿಗೆ 15 ಡಿಗ್ರಿ ಓರೆಯಾಗಿರುವುದು ಏಕೆಂದು ಯೋಚಿಸಿದ್ದೀರಾ? ಪ್ರತಿ ಸಲ ಅದನ್ನು ಮಗುಚಿ ಹಾಕಿದರೆ 30 ಡಿಗ್ರಿ ಜಾಗವೇ ಸಾಕಾಗುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರಿಗೂ ಅಷ್ಟೇ ಸಾಕು. 72 ಹಲ್ಲಿನ ರ್‍ಯಾಚೆಟ್ಟಿಗಾದರೆ 5 ಡಿಗ್ರಿ ಸಾಲುತ್ತದೆ. 20 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ 30 ಡಿಗ್ರಿ ಎಂದರೆ ಸುಮಾರು 10 ಸೆಂಟಿಮೀಟರ್ ಓಡಾಟ. 5 ಡಿಗ್ರಿ ಎಂದರೆ 2 ಸೆಂಟಿಮೀಟರಿಗೂ ಕಡಿಮೆ.

ಪಕ್ಕದಿಂದ ದಾರಿಯೇ ಇಲ್ಲವಾದರೆ ಹಿಂದಿನಿಂದ ಹೋಗಬೇಕು. ಕಾರಿನ ಕೆಳಗಿನಿಂದ, ಗೇರ್‌ಬಾಕ್ಸಿನ ಬೆನ್ನ ಮೇಲೆ ಹಾಯುವಂತೆ ಎರಡು ಮೂರು ವಿಸ್ತರಣ ಸರಳುಗಳನ್ನು ಸೇರಿಸಿ ಸಾಕೆಟ್ ತಲುಪಿಸಬಹುದು. ತುದಿಯಲ್ಲೊಂದು ಸಾರ್ವತ್ರಿಕ ಕೀಲು ಇದ್ದರೆ ಓರೆಯಾಗಿಯೂ ತಿರುಗಿಸಬಹುದು.

ಟಾರ್ಕಿನ ಲೆಕ್ಕ

ಟಾರ್ಕ್ ಎಂದರೆ ತಿರುಗಿಸುವ ಪರಿಣಾಮ: ಹಾಕಿದ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ ಮೊತ್ತ. ನೇರವಾದ ಸರಳು ಎಷ್ಟೇ ಉದ್ದವಿರಲಿ, ನಿಧಾನವಾಗಿ ಬಿಗಿಯುವಾಗ ಟಾರ್ಕ್ ಬದಲಾಗದು. ಸರಳು ಕೊಂಚ ತಿರುಚಿಕೊಳ್ಳುತ್ತದೆ, ಅಷ್ಟೆ. ಕೀಲು ಬಾಗಿದಾಗ ಮಾತ್ರ ಟಾರ್ಕ್ ಏರಿಳಿಯುತ್ತದೆ. 15 ಡಿಗ್ರಿ ಬಾಗಿನಲ್ಲಿ ವ್ಯತ್ಯಾಸ ಸುಮಾರು ಶೇಕಡ 3.5, 30 ಡಿಗ್ರಿಯಲ್ಲಿ ಶೇಕಡ 15 ಆಗಬಹುದು. ಆದ್ದರಿಂದ ಹೆಚ್ಚು ಬಾಗಿದ ಕೀಲು ಬೋಲ್ಟನ್ನು ಓಡಿಸಲು ಸರಿ, ಕೊನೆಯ ಬಿಗಿತಕ್ಕೆ ಸಲ್ಲದು.

ಟಾರ್ಕ್ ರೆಂಚಿನ ಮುಂದಕ್ಕೆ ಕಾಗೆಕಾಲಿನಂಥ ಚಪ್ಪಟೆ ಸ್ಪ್ಯಾನರನ್ನು ಸಿಕ್ಕಿಸಿದಾಗ ಲೆಕ್ಕ ಬೇರೆ. ರೆಂಚಿನ ಚೌಕ ಮೊಳೆಯಿಂದ ಹಿಡಿಯ ನಡುವಿಗೆ 40 ಸೆಂಟಿಮೀಟರ್, ಕಾಗೆಕಾಲು ಸೇರಿಸಿದ ಉದ್ದ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬೋಲ್ಟಿಗೆ 45 ನ್ಯೂಟನ್-ಮೀಟರ್ ಬೇಕಿದ್ದರೆ ರೆಂಚನ್ನು ಎಷ್ಟಕ್ಕೆ ಹೊಂದಿಸಬೇಕು?

45 × 40 ÷ (40 + 5) = 40 ನ್ಯೂಟನ್-ಮೀಟರ್

ಇದನ್ನು ಮರೆತು 45ಕ್ಕೇ ಇಟ್ಟರೆ ಬೋಲ್ಟಿನ ಮೇಲೆ 50ಕ್ಕೂ ಹೆಚ್ಚು ಬೀಳುತ್ತದೆ. ಹಳೆಯ ಬೋಲ್ಟು ತುಂಡಾಗಲು ಅಷ್ಟೇ ನೆಪ ಸಾಕು! ಕಾಗೆಕಾಲನ್ನು ಹಿಡಿಗೆ ಲಂಬವಾಗಿ ಸಿಕ್ಕಿಸಿದರೆ ಈ ತಿದ್ದುಪಡಿ ಬಹುಮಟ್ಟಿಗೆ ಬೇಕಾಗುವುದಿಲ್ಲ.

ಕೆಲಸದ ಕ್ರಮ

ಕೆಲಸ ಶುರುವಾಗುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಡಿ. ಸ್ಟಾರ್ಟರಿನ ಬಳಿ ಸ್ಪ್ಯಾನರ್ ಸೋಕಿದರೆ ಕಿಡಿಯಷ್ಟೇ ಅಲ್ಲ, ಬೆಂಕಿಯೂ ಹೊತ್ತಿಕೊಂಡೀತು. ತೂಗಾಡುವ ಎಂಜಿನ್ನಿನ ಕೆಳಗೆ ಕೈಯಿಡಬೇಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಬೇಡಿ.

ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ಎದುರುಬದುರು ರಂಧ್ರಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ. ಅವು ಹಳಿಗಳಂತೆ ಎರಡು ಭಾಗಗಳನ್ನು ನೇರಕ್ಕೆ ತರುತ್ತವೆ. ಗೇರ್‌ಬಾಕ್ಸಿನ ಭಾರ ಕ್ಲಚ್ಚಿನ ದಂಡದ ಮೇಲೆ ಬೀಳದಂತೆ ಆಸರೆ ಕೊಡಿ. ನಡುವೆ ಸಂದು ಉಳಿದರೆ ಬೋಲ್ಟು ಬಿಗಿದು ಎಳೆಯುವ ಆಸೆ ಬೇಡ. ಏನೋ ಅಡ್ಡ ಬಂದಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಕಷ್ಟದ ಬೋಲ್ಟನ್ನೇ ಮೊದಲು ಹಾಕಿ. ಸಾಕೆಟ್ಟಿನೊಳಗೆ ಕಾಗದದ ಚೂರಿಟ್ಟರೆ ಬೋಲ್ಟು ಉದುರುವುದಿಲ್ಲ. ರ್‍ಯಾಚೆಟ್ ಇಲ್ಲದೆ ಬರಿಯ ಸರಳನ್ನು ಬೆರಳಲ್ಲೇ ಹಿಡಿದು ಮೂರು ನಾಲ್ಕು ಸುತ್ತು ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಬೆರಳಿಗೆ ಒಡನೆ ತಿಳಿಯುತ್ತದೆ, ಉದ್ದ ಹಿಡಿಗೆ ತಿಳಿಯುವುದಿಲ್ಲ. ಎಲ್ಲ ಬೋಲ್ಟುಗಳೂ ಹಿಡಿದ ಮೇಲಷ್ಟೇ ಎದುರುಬದುರಾಗಿ ಬಿಗಿಯುತ್ತ ಬನ್ನಿ. ಬಿಗಿದು ಮುಗಿದದ್ದಕ್ಕೆಲ್ಲ ಬಣ್ಣದ ಚುಕ್ಕೆಯಿಡಿ. ಕಾಣದ ಬೋಲ್ಟಿಗೆ ಚುಕ್ಕೆ ಇಡಲಾಗದಿದ್ದರೆ ಹಾಳೆಯಲ್ಲಿ ಬರೆದಿಡಿ. ಮುಂದೆ ರಸ್ತೆಯಲ್ಲಿ ಓಡುವಾಗ ಅದನ್ನು ನೋಡುವವರು ಯಾರೂ ಇರುವುದಿಲ್ಲ.