ಪಿಂಗ್‌ಗೆ ಉತ್ತರ ಬಾರದಿದ್ದರೆ

ಆಫೀಸಿನಲ್ಲಿ 'ಸರ್ವರ್ ಡೌನ್' ಎಂಬ ಕೂಗೆದ್ದರೆ ಸಿಸ್ಟಂ ಅಡ್ಮಿನ್ ಮೊದಲು ಟೈಪ್ ಮಾಡುವುದು ಪಿಂಗ್ ಎಂದು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್, ಕೈಕೊಟ್ಟ ನೆಟ್‌ವರ್ಕಿನ ದೋಷ ಹುಡುಕಲೆಂದು ಒಂದು ಸಂಜೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇದು. 'ಇದ್ದೀಯಾ?' ಎಂದು ಒಂದು ಪ್ಯಾಕೆಟ್ ಕಳಿಸಿ, ಉತ್ತರ ಬರಲು ಹಿಡಿದ ಸಮಯ ಅಳೆಯುತ್ತದೆ, ಅಷ್ಟೆ. ಉತ್ತರ ಬಾರದಿದ್ದರೆ ಯಂತ್ರ ಸತ್ತಿದೆ ಎಂದು ತೀರ್ಮಾನಿಸುವುದು ಮಾತ್ರ ಅವಸರ. ಎಷ್ಟೋ ಫೈರ್‌ವಾಲ್‌ಗಳು ಪಿಂಗ್ ಅನ್ನು ಬೇಕೆಂದೇ ತಡೆಯುತ್ತವೆ.

ದೋಷ ದಾರಿಯಲ್ಲಿದೆಯೇ ಎಂದು ನೋಡಲು ಟ್ರೇಸ್‌ರೂಟ್ ಇದೆ. ವ್ಯಾನ್ ಜೇಕಬ್‌ಸನ್ ಬರೆದ ಇದರ ಜಾಣ್ಮೆ ನನಗೆ ಇಂದಿಗೂ ಬೆರಗು. ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ. ದಾಟುವ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ; ಸೊನ್ನೆಯಾದರೆ ಪ್ಯಾಕೆಟ್ ಬಿಸಾಡಿ, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟುಗಳು ಕೊನೆಯಿಲ್ಲದೆ ಸುತ್ತದಿರಲೆಂದು ಮಾಡಿದ ಏರ್ಪಾಡು ಇದು. ಟ್ರೇಸ್‌ರೂಟ್ ಬೇಕೆಂದೇ 1, 2, 3 ಎಂದು ಟಿಟಿಎಲ್ ಏರಿಸುತ್ತಾ ಹೋಗುತ್ತದೆ. ಒಂದೊಂದು ಪ್ಯಾಕೆಟ್ ಒಂದೊಂದು ರೂಟರಿನಲ್ಲಿ ಸಾಯುತ್ತದೆ, ಆ ಸಾವಿನ ಸುದ್ದಿಗಳಿಂದಲೇ ಇಡೀ ದಾರಿ ತೆರೆಯ ಮೇಲೆ ಮೂಡುತ್ತದೆ.

ಮಧ್ಯೆ ಒಂದು ಸಾಲಿನಲ್ಲಿ ಬರೀ ಮೂರು ನಕ್ಷತ್ರ ಚಿಹ್ನೆ ಕಂಡರೆ ಹೊಸಬರು ಗಾಬರಿಯಾಗುತ್ತಾರೆ. ಮುಂದಿನ ಸಾಲುಗಳಲ್ಲಿ ಉತ್ತರ ಬರುತ್ತಿದ್ದರೆ ಚಿಂತೆ ಬೇಡ. ಆ ರೂಟರ್ ಪ್ಯಾಕೆಟ್ಟುಗಳನ್ನು ದಾಟಿಸುತ್ತಿದೆ, ತಾನು ಮಾತಾಡುತ್ತಿಲ್ಲ, ಅಷ್ಟೆ.

ಯಂತ್ರದವರೆಗೆ ದಾರಿ ಸರಿಯಿದ್ದೂ ವೆಬ್‌ಸೈಟ್ ತೆರೆಯದಿದ್ದರೆ ಎನ್‌ಮ್ಯಾಪ್ ಬೇಕು. ಗಾರ್ಡನ್ ಲಯನ್ 1997ರಲ್ಲಿ ಹೊರತಂದ ಈ ಉಚಿತ ಸ್ಕ್ಯಾನರ್ ಪೋರ್ಟುಗಳನ್ನು ತಟ್ಟಿ ನೋಡುತ್ತದೆ. ಒಪ್ಪಿಗೆ ಬಂದರೆ ಪೋರ್ಟ್ ತೆರೆದಿದೆ, ನಿರಾಕರಣೆ ಬಂದರೆ ಮುಚ್ಚಿದೆ. ಏನೂ ಬಾರದಿದ್ದರೆ ನಡುವೆ ಫೈರ್‌ವಾಲ್ ನುಂಗುತ್ತಿರುವ ಸಾಧ್ಯತೆ ಹೆಚ್ಚು. ನಿರಾಕರಣೆಗೂ ಮೌನಕ್ಕೂ ಇರುವ ಈ ವ್ಯತ್ಯಾಸ ಗೊತ್ತಿದ್ದರೆ, ಸರ್ವರ್ ಟೀಮಿಗೆ ಫೋನ್ ಮಾಡಬೇಕೋ ಫೈರ್‌ವಾಲ್ ನೋಡುವವರಿಗೋ ಎಂಬುದು ಅಲ್ಲೇ ತಿಳಿಯುತ್ತದೆ. ಇನ್ನೊಬ್ಬರ ನೆಟ್‌ವರ್ಕಿನ ಮೇಲೆ ಮಾತ್ರ ಅನುಮತಿಯಿಲ್ಲದೆ ಇದನ್ನು ಓಡಿಸಬಾರದು.

ನಮ್ಮದೇ ಲ್ಯಾನ್ ಒಳಗೆ ಯಾವ ಯಂತ್ರಕ್ಕೂ ಹೀಗೆ ಸುಮ್ಮನಿರುವ ಸೌಲಭ್ಯವಿಲ್ಲ. ಐಪಿವಿ4 ಬಳಸುವ ಯಂತ್ರಗಳು 'ಈ ಐಪಿ ವಿಳಾಸ ಯಾರದು?' ಎಂಬ ಎಆರ್‌ಪಿ ಪ್ರಶ್ನೆಗೆ ತಮ್ಮ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು, ಹೇಳಿ ಉತ್ತರಿಸದಿದ್ದರೆ ಪಕ್ಕದ ಕಂಪ್ಯೂಟರೂ ಅವನ್ನು ತಲುಪಲಾರದು. ಆದ್ದರಿಂದ ಪಿಂಗ್‌ಗೆ ಸಿಗದ ಯಂತ್ರವೂ ಈ ಪ್ರಶ್ನೆಯನ್ನೇ ಕೇಳುತ್ತಾ ಹೋಗುವ ಎಆರ್‌ಪಿ-ಸ್ಕ್ಯಾನ್ ಎಂಬ ಪ್ರೋಗ್ರಾಮಿಗೆ ಸಿಕ್ಕಿಬೀಳುತ್ತದೆ. ಒಂದೇ ಐಪಿ ವಿಳಾಸದ ಎದುರು ಎರಡು ಮ್ಯಾಕ್ ವಿಳಾಸ ಕಂಡರೆ, ಆಗಾಗ ನೆಟ್ ಕಡಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಅದೇ. ಮ್ಯಾಕ್ ವಿಳಾಸದ ಮೊದಲ 3 ಬೈಟುಗಳು ಬಹುತೇಕ ತಯಾರಕರ ಹೆಸರನ್ನೂ ಹೇಳಿಬಿಡುತ್ತವೆ. ಅದು ಪ್ರಿಂಟರ್ ಕಂಪನಿಯದ್ದಾಗಿದ್ದರೆ ಎದ್ದು ನೇರ ಪ್ರಿಂಟರಿನ ಬಳಿಗೆ ಹೋದರಾಯಿತು.